ಮುಂದಿನ ಹಲಗೆ

ನೆಡುಂತುರುತ್ತು, ಕುಟ್ಟನಾಡು, ಕೇರಳ
೨ ಜೂನ್ ೧೯೯೭

ಶ್ರೀ ಕೆ. ಪುನ್ನೂಸ್ ಅವರಿಗೆ
ಅಧ್ಯಕ್ಷರು, ನೆಡುಂತುರುತ್ತು ಅನಿವಾಸಿ ಕೂಟ, ಕುವೈತ್

ಮಾನ್ಯರೇ,

ಇಂದು ೧೯೯೭ನೇ ಇಸವಿಯ ಜೂನ್ ಎರಡನೇ ತಾರೀಖು, ಸೋಮವಾರ. ಈ ಪತ್ರದ ಉದ್ದೇಶ ಒಂದೇ: ನಮ್ಮ ಯುವಜನ ದೋಣಿ ಸಂಘದ ತರಬೇತಿಗೆ ಊರಿನ ಅಂಗವಿಕಲ ಮಕ್ಕಳನ್ನೂ ಸೇರಿಸಿಕೊಳ್ಳುವ ಸಲುವಾಗಿ ತಮ್ಮ ಕೂಟದ ಈ ವರ್ಷದ ಅನುದಾನವನ್ನು ಕೋರುವುದು.

ನಾನು ಸಂಘದ ಕಾರ್ಯದರ್ಶಿ. ಈ ಸಾಲಿನ ಬಿ.ಎ. ಅರ್ಥಶಾಸ್ತ್ರ ಪರೀಕ್ಷೆಯಲ್ಲಿ ವಿಶ್ವವಿದ್ಯಾಲಯಕ್ಕೆ ಪ್ರಥಮ ರ‍್ಯಾಂಕ್ ನನ್ನದು. ಯೋಜನೆಯನ್ನು ರೂಪಿಸಿದವರಿಗೆ ಅದನ್ನು ನಡೆಸುವ ಶಕ್ತಿಯೂ ಇದೆಯೆಂದು ತಮಗೆ ಖಾತ್ರಿಯಾಗಲಿ ಎಂದು ಇದನ್ನು ತಿಳಿಸುತ್ತಿದ್ದೇನೆ.

ಊರಿನಲ್ಲಿ ಐವರು ಮಕ್ಕಳಿದ್ದಾರೆ. ಒಬ್ಬನಿಗೆ ಕಣ್ಣಿಲ್ಲ, ಇಬ್ಬರಿಗೆ ಕಿವಿ ಕೇಳಿಸದು, ಇಬ್ಬರ ಕಾಲುಗಳನ್ನು ಪೋಲಿಯೊ ಕೊಂಡೊಯ್ದಿದೆ. ನಾಲ್ವರು ಸಂಘದ ಕಡೆಗೆ ತಲೆ ಹಾಕಿಲ್ಲ. ನಡೆಯಲಾಗದ ಮಗುವನ್ನೂ ಕಣ್ಣಿಲ್ಲದವನನ್ನೂ ದೋಣಿ ಹತ್ತುವ ಕಡವಿನ ಪಾಚಿ ಕಟ್ಟಿದ ಕಲ್ಲು ಮೆಟ್ಟಿಲು ಒಳಗೆ ಬಿಡುವುದಿಲ್ಲ; ಕಿವಿ ಕೇಳಿಸದವರನ್ನು ಯಾರೂ ಕರೆದಿಲ್ಲ. ಬೇಕಾದದ್ದು ಹೆಚ್ಚೇನಲ್ಲ: ಕಡವಿಗೆ ಮರದ ಇಳಿಜಾರು, ಮಕ್ಕಳನ್ನು ಕರೆತರುವ ಅಂಬಿಗನ ಕೂಲಿ, ದೋಣಿಯಲ್ಲಿ ಕೂರಲು ಒರಗು ಇರುವ ಕೆಲವು ಹಲಗೆಗಳು.

ಇದು ಸಾಧ್ಯವೆಂಬುದಕ್ಕೆ ಸಾಕ್ಷಿ ಐದನೆಯ ಮಗು, ಕಾರ್ತು. ಹದಿಮೂರರ ಹುಡುಗಿ. ಅವಳಪ್ಪ ಬಾತುಕೋಳಿ ಸಾಕುತ್ತಾನೆ. ನಡೆಯಲಾರದ ಈ ಹುಡುಗಿ ತಿಳಿವಳಿಕೆ ಬಂದಾಗಿನಿಂದ ಪುಟ್ಟ ದೋಣಿಯಲ್ಲಿ ಕುಳಿತು ಅಪ್ಪನ ಹಿಂಡನ್ನು ಗದ್ದೆಯಿಂದ ಗದ್ದೆಗೆ ಅಟ್ಟಿಕೊಂಡು ಬೆಳೆದವಳು. ಅಭ್ಯಾಸಕ್ಕೂ ಅದೇ ದೋಣಿಯಲ್ಲಿ ಬಂದು, ನಮ್ಮ ದೋಣಿಯ ಅಂಚು ಹಿಡಿದು ನೀರಿನಿಂದ ನೀರಿಗೇ ದಾಟಿಕೊಳ್ಳುತ್ತಾಳೆ. ಮೆಟ್ಟಿಲಿನ ಗೊಡವೆಯೇ ಅವಳಿಗಿಲ್ಲ. ಹುಡುಗಿಯರ ದೋಣಿಯಲ್ಲಿ ಮುಂದಿನ ಹಲಗೆ ಅವಳದು. ಅವಳ ಹುಟ್ಟು ನೀರಿಗಿಳಿದಾಗ ಹಿಂದಿನ ಹತ್ತೊಂಬತ್ತು ಹುಟ್ಟುಗಳೂ ಇಳಿಯುತ್ತವೆ. ಕಳೆದ ಓಣಂ ಪಂದ್ಯದಲ್ಲಿ ನಮಗೆ ಎರಡನೇ ಸ್ಥಾನ ಬಂತು. ಮುಂದೆ ಕುಳಿತವಳಿಗೆ ನಡೆಯಲು ಬಾರದೆಂದು ದಡದಲ್ಲಿದ್ದ ಒಬ್ಬರಿಗೂ ತಿಳಿದಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ತಂಡದ ಭಾವಚಿತ್ರವನ್ನು ಲಗತ್ತಿಸಿದ್ದೇನೆ. ತಮ್ಮ ತೀರ್ಮಾನವನ್ನು ಬರವಣಿಗೆಯಲ್ಲೇ ತಿಳಿಸಬೇಕಾಗಿ ವಿನಂತಿ.

ಸೂಸನ್ನ ಇಟ್ಟಿಯವಿರ
ಕಾರ್ಯದರ್ಶಿ

•

ಕುವೈತ್
೧೮ ಜೂನ್ ೧೯೯೭

ಮೋಳೇ ಸೂಸನ್ನಾ,

ನಿನ್ನ ಕಾಗದ ಬಂತು. ಏನು ಬರವಣಿಗೆ, ಏನು ಬರವಣಿಗೆ! ಶುಕ್ರವಾರ ಕೂಟದಲ್ಲಿ ಓದಿದಾಗ ಅರ್ಧ ಜನ ಬಿಷಪ್ಪರ ಸುತ್ತೋಲೆ ಅಂದ್ಕೊಂಡು ಎದ್ದು ನಿಂತ್ರು. ರ‍್ಯಾಂಕ್ ಬಂದಾಗ ಪೇಪರಲ್ಲಿ ನಿನ್ನ ಮುಖ ನೋಡಿದ್ದೆ. ನಿಮ್ಮಪ್ಪನ ಮೂಗೇ! ಅವನೂ ನಾನೂ ಒಂದೇ ಬೆಂಚಲ್ಲಿ ಕೂತು ಏಟು ತಿಂದೋರು. ನಾನು ಊರು ಬಿಟ್ಟು ಇಪ್ಪತ್ತೈದು ವರ್ಷ ಆಯ್ತು. ರಜಾಕ್ಕೆ ಬಂದ್ರೂ ತಿರುವಲ್ಲದ ಅತ್ತೆ ಮನೆ, ಅಲ್ಲಿಂದ್ಲೇ ವಾಪಸ್ಸು. ಅದ್ಕೇ ನಿನ್ನನ್ನ ನೋಡೋ ಯೋಗ ಬಂದಿಲ್ಲ. ಈ ‘ಮಾನ್ಯರೇ’ ಎಲ್ಲ ಬೇಡ, ನೀನು ನಂಗೆ ಮಗಳ ಹಾಗೆ, ಮೋಳೇ; ಮನೆ ಹಿರಿಯನ್ನ ಕರೆಯೋ ಹಾಗೆ ಅಚ್ಚಾಯನ್ ಅಂತ ಕರಿ.

ಈಗ ವಿಷಯಕ್ಕೆ ಬರ್ತೀನಿ. ಫೋಟೋ ನೋಡಿದ್ವಿ. ಇಪ್ಪತ್ತು ಹುಡುಗೀರೂ ಹಲ್ಲು ಬಿಟ್ಕೊಂಡು ಕೂತಿದಾರೆ. “ಇದ್ರಲ್ಲಿ ಕುಂಟಿ ಯಾವಳು?” ಅಂತ ನಮ್ಮ ಖಜಾಂಚಿ ಚೆರಿಯಾನ್ ಕೇಳ್ದ. ಯಾರಿಗೂ ಗೊತ್ತಾಗ್ಲಿಲ್ಲ. ಭೂತಗನ್ನಡಿ ತರ್ಸಿ ಹುಡುಕಿದ್ವಿ. ಒಬ್ಬ ಮೂಲೆಯವಳ ಮೇಲೆ ಬೆರಳಿಟ್ಟು, “ಇವಳೇ ಕಣ್ರೋ, ಮೋರೆ ನೋಡಿದ್ರೇ ಗೊತ್ತಾಗುತ್ತೆ” ಅಂದ. ನೋಡಿದ್ರೆ ಅದು ಚೆರಿಯಾನ್ ತಮ್ಮನ ಮಗಳು ಬಿನ್ಸಿ! ಚೆರಿಯಾನ್ ಬಿರಿಯಾನಿ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಹಿಂದೆ ಕಂಬದ ಮರೇಲಿ ಮುಖ ಮಾತ್ರ ಕಾಣೋಳು ನೀನೇ ತಾನೇ? ಮುಂದೆ ಬಂದು ನಿಲ್ಲೋಕೇನು ನಾಚಿಕೆ?

ನೋಡು ಮೋಳೇ, ಬಿಸಿಲಲ್ಲಿ ಬೆಂದು ದುಡಿಯೋ ಜನ ಇವರು. ನಗ್ತಾ ಕೂತಿರೋ ಮಕ್ಕಳಿಗೆ ಇವರ ಜೇಬು ಬಿಚ್ಚಲ್ಲ. ಆಗ್ಲೇ ಹುಟ್ಟು ಹಾಕ್ತಿರೋಳನ್ನ ಇನ್ನೆಲ್ಲಿಗೆ ಸೇರ್ಸೋದು ಅಂತ ಕೇಳ್ತಾರೆ. ನೋಡಿದ್ರೆ ಕರುಳು ಚುರುಕ್ ಅನ್ಬೇಕು, ಅಂಥದ್ದೊಂದು ಫೋಟೋ ಕಳಿಸು. ಇನ್ನೊಂದು. ಆ ಐದು ಮಕ್ಕಳಿಗೇ ಅಂತ ಬೇರೆ ದೋಣಿ ಮಾಡಿ, ಅದ್ರ ಮೇಲೆ ಕೂಟದ ಹೆಸರು ಬರೆಸಿ. ಎಲ್ಲರ ಜೊತೆ ಬೆರೆಸ್ಬಿಟ್ರೆ ನಾವು ಕೊಟ್ಟಿದ್ದು ಕಾಣೋದು ಹೇಗೆ?

ನಿನ್ನ
ಪುನ್ನೂಸ್ ಅಚ್ಚಾಯನ್

•

ನೆಡುಂತುರುತ್ತು
೧ ಜುಲೈ ೧೯೯೭

ಮಾನ್ಯರೇ,

ತಮ್ಮ ಪತ್ರವನ್ನು ಸಂಘದ ಸಭೆಯಲ್ಲಿ ಓದಿದೆ. ಅದರಲ್ಲಿದ್ದ ಒಂದು ಪದವನ್ನು ಮಾತ್ರ ಬದಲಾಯಿಸಿ ಓದಿದೆ. ಅದು ಯಾವುದೆಂದು ತಾವು ಊಹಿಸಬಲ್ಲಿರಿ.

ಕಾರ್ತುವನ್ನು ಭೂತಗನ್ನಡಿಗೂ ಹುಡುಕಲಾಗಲಿಲ್ಲವೆಂದು ತಾವು ಬರೆದಿದ್ದೀರಿ. ಈ ಯೋಜನೆಯ ಗುರಿಯೇ ಅದು. ನಾಳೆ ಉಳಿದ ನಾಲ್ವರನ್ನೂ ಯಾರೂ ಹುಡುಕಲಾರದಂತಾದರೆ ತಮ್ಮ ಹಣ ಸಾರ್ಥಕವಾಯಿತೆಂದು ತಿಳಿಯಬೇಕು. ಅವರನ್ನು ಬೇರೆ ದೋಣಿಯಲ್ಲಿ ಕೂರಿಸಿದರೆ ಅದು ಸೇರಿಸಿಕೊಂಡಂತಲ್ಲ, ಹೊರಗಿಟ್ಟಂತೆ. ಅದಕ್ಕೆ ಅನುದಾನದ ಅಗತ್ಯವೂ ಇಲ್ಲ. ಊರು ಇಷ್ಟು ವರ್ಷ ಅದನ್ನು ಪುಕ್ಕಟೆಯಾಗಿಯೇ ಮಾಡಿಕೊಂಡು ಬಂದಿದೆ.

ಸಭೆಯಲ್ಲಿ ನಡೆದ ಮಾತನ್ನೂ ತಾವು ಕೇಳಬೇಕು. ನಮ್ಮ ತರಬೇತುದಾರರಾದ ಆಶಾನ್, “ಹೆಸರು ಬರೆಸ್ಬೇಕಂದ್ರೆ ಬರೆಸೋಣ, ದೋಣಿಯ ತಳಕ್ಕೆ! ಮಗುಚಿದಾಗ ಓದ್ಕೊಳ್ಲಿ” ಎಂದರು. ಎಲ್ಲರೂ ನಕ್ಕರು. ಹೊರಗೆ ತನ್ನ ದೋಣಿಯಲ್ಲೇ ಕುಳಿತು ಕೇಳುತ್ತಿದ್ದ ಕಾರ್ತು ಅಕ್ಕನನ್ನು ಕರೆಯುವಂತೆ ನನ್ನನ್ನು ಕರೆದು ಕೂಗಿ ಹೇಳಿದಳು: “ಬಿನ್ಸಿನ ಕಾಲಿಲ್ಲದೋಳು ಅಂದ್ಕೊಂಡ್ರಾ? ಅಯ್ಯೋ, ಅವಳಿಗೆ ಹೇಳ್ಬೇಡಿ ಚೇಚಿ, ಅಳ್ತಾಳೆ. ಇನ್ನೊಂದ್ಸಲ ಕೇಳಿದ್ರೆ ನನ್ನನ್ನೇ ತೋರ್ಸಿ.”

ನಾನು ಕೋರಿದ್ದು ಅನುದಾನವನ್ನು, ಅನುಕಂಪವನ್ನಲ್ಲ. ಇವೆರಡರ ವ್ಯತ್ಯಾಸ ತಮ್ಮ ಕೂಟಕ್ಕೆ ತಿಳಿದಿದೆಯೆಂದೇ ನಂಬಿದ್ದೇನೆ.

ಕಂಬದ ವಿಷಯ ಕೇಳಿದ್ದೀರಿ. ಕಾರ್ಯದರ್ಶಿ ಹಿಂದೆ ನಿಲ್ಲುವುದು ನಮ್ಮ ಸಂಘದ ವಾಡಿಕೆ.

ಸೂಸನ್ನ ಇಟ್ಟಿಯವಿರ
ಕಾರ್ಯದರ್ಶಿ

•

ಕುವೈತ್
೧೪ ಜುಲೈ ೧೯೯೭

ಮೋಳೇ,

ವಾಡಿಕೆ ಒಳ್ಳೇದೇ. ನಿಮ್ಮ ಆಶಾನ್‌ಗೆ ನಾಲಿಗೆ ಉದ್ದ. ಸಿಕ್ಕಾಗ ಅಳತೆ ತಗೋತೀನಿ.

ಕೂಟ ಮತ್ತೆ ಸೇರಿತ್ತು. ಪಕ್ಕದ ನಡುಗಡ್ಡೆ ಚರ್ಚಿನೋರು ಹೆಣ ಇಡೋ ತಣ್ಣನೆ ಪೆಟ್ಟಿಗೆ ಬೇಕು ಅಂತ ಬರೆದಿದಾರೆ. ಗಾಜಿನ ಮುಚ್ಚಳ, ಗಾಲಿ, ಪಕ್ಕದಲ್ಲಿ ಕೂಟದ ಹೆಸರು. ಇಲ್ಲಿರೋ ಪ್ರತಿಯೊಬ್ಬನ ಅಪ್ಪನೂ ಊರಲ್ಲಿ ಕೆಮ್ತಾ ಮಲಗಿದಾನೆ. ರಜಾ ಸಿಕ್ಕಿ ಮಗ ತಲುಪೋವರ್ಗೂ ಹೆಣ ಕೆಡಬಾರ್ದಲ್ಲ? ಒಬ್ಬನೂ ತಕರಾರು ಮಾಡ್ದೆ ಕೈ ಎತ್ತಿದ್ರು. ನಿನ್ನ ಮಕ್ಕಳಿಗೆ ಎದ್ದದ್ದು ನಂದೊಂದೇ ಕೈ. ಅದೂ ನಿಮ್ಮಪ್ಪನ ಮೂಗು ನೆನೆಸ್ಕೊಂಡು.

ಓಣಂ ಬಂದೇಬಿಡ್ತು. ಫೋಟೋ ಕಳಿಸ್ತೀಯೋ, ಪೆಟ್ಟಿಗೆಗೆ ಆರ್ಡರ್ ಕೊಡ್ಲೋ? ರ‍್ಯಾಂಕ್ ಬಂದೋಳು, ಲೆಕ್ಕ ಹಾಕು.

ಅಚ್ಚಾಯನ್

•

ನೆಡುಂತುರುತ್ತು
೩೦ ಜುಲೈ ೧೯೯೭

ಪ್ರಿಯ ಅಚ್ಚಾಯನ್,

ತಾವು ಕೇಳಿದ ಭಾವಚಿತ್ರ ಇದರೊಂದಿಗಿದೆ. ತಮ್ಮ ಸದಸ್ಯರಿಗೆ ಈ ಬಾರಿ ಭೂತಗನ್ನಡಿ ಬೇಕಾಗದು.

ಪಟ್ಟಣದ ಸ್ಟುಡಿಯೋದವನನ್ನು ಕರೆಸಿದ್ದೆ. ಕಾರ್ತುವನ್ನು ಅವಳ ದೋಣಿಯಿಂದ ಎತ್ತಿ ಕಡವಿನ ಮೆಟ್ಟಿಲ ಮೇಲೆ ಕೂರಿಸಲಾಯಿತು. ಅವಳಿಗೆ ಸ್ವಂತ ಊರುಗೋಲುಗಳಿಲ್ಲದ ಕಾರಣ ಹತ್ತಿರದಲ್ಲಿದ್ದ ಒಬ್ಬರಿಂದ ಒಂದು ಜೊತೆಯನ್ನು ಎರವಲು ಪಡೆಯಲಾಯಿತು.

“ಇದು ನಂದಲ್ವಲ್ಲ ಚೇಚಿ?” ಎಂದಳು.

“ಐದು ನಿಮಿಷ ನಿಂದು ಅನ್ಕೋ” ಎಂದೆ. ಹಿಡಿಯುವ ಕ್ರಮವನ್ನೂ ತೋರಿಸಿಕೊಟ್ಟೆ.

ಸ್ಟುಡಿಯೋದವನು ಎರಡು ಸಲ ಕ್ಯಾಮೆರಾ ಎತ್ತಿ ಎರಡು ಸಲವೂ ಇಳಿಸಿದ. “ನಗ್ಬೇಡ ಮೋಳೇ, ನೀನು ನಕ್ಕರೆ ಕಾಲು ಯಾರ ಕಣ್ಣಿಗೂ ಬೀಳಲ್ಲ” ಎಂದ. ಅದಕ್ಕೂ ಅವಳು ನಕ್ಕಳು. ಆಗ ನಾನು ಹತ್ತಿರ ಕುಳಿತು, ಎರಡು ವರ್ಷದ ಹಿಂದೆ ರೋಗ ಬಂದು ಅವಳಪ್ಪನ ಬಾತುಕೋಳಿಗಳೆಲ್ಲ ಒಂದೇ ವಾರದಲ್ಲಿ ಗದ್ದೆಯಲ್ಲಿ ತೇಲಿದ್ದನ್ನು ನೆನಪಿಸಿದೆ. ಅವಳು ಸಾಕಿದ್ದ ಕುಂಟ ಬಾತಿನ ಹೆಸರನ್ನೂ ಹೇಳಿದೆ. ಮುಖ ಇಳಿಯಿತು. ಚಿತ್ರ ಆ ಕ್ಷಣದ್ದು. ಚೆನ್ನಾಗಿ ಬಂದಿದೆಯೆಂದು ಎಲ್ಲರೂ ಒಪ್ಪುತ್ತಾರೆ.

ಬೇರೆ ದೋಣಿಯ ಸಲಹೆಯನ್ನೂ ಸಂಘ ಒಪ್ಪಿದೆ. ಆಶಾನ್ ಸಭೆಯ ನಡುವೆ ಎದ್ದು ಹೋದುದರಿಂದ ನಿರ್ಣಯ ಸರ್ವಾನುಮತದಿಂದ ಆಯಿತು. ಉಳಿದ ನಾಲ್ವರು ಹುಟ್ಟು ಹಿಡಿದವರೇ ಅಲ್ಲವಾದ್ದರಿಂದ ಕಾರ್ತುವನ್ನು ಆ ದೋಣಿಗೆ ವರ್ಗಾಯಿಸಿದ್ದೇನೆ. ಹುಡುಗಿಯರ ದೋಣಿಯ ಮುಂದಿನ ಹಲಗೆಯನ್ನು ಸದ್ಯಕ್ಕೆ ಬಿನ್ಸಿಗೆ ಕೊಡಲಾಗಿದೆ. ಇದನ್ನು ಶ್ರೀ ಚೆರಿಯಾನ್ ಅವರಿಗೆ ತಿಳಿಸಬಹುದು. ಇಳಿಜಾರು ಕಟ್ಟಿ ಮುಗಿಯುವವರೆಗೆ ಮಾತ್ರ ಈ ಏರ್ಪಾಡು. ಆಮೇಲೆ ಹಲಗೆ ಮತ್ತೆ ಕಾರ್ತುವಿನದೇ. ಹಾಗೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ತಮ್ಮ
ಸೂಸನ್ನ

•

ಕುವೈತ್
೧೨ ಆಗಸ್ಟ್ ೧೯೯೭

ನನ್ನ ಚಿನ್ನದಂಥಾ ಮೋಳೇ,

ಅಚ್ಚಾಯನ್ ಅಂತ ಕರೆದ್ಯಲ್ಲ, ಅರ್ಧ ಗೆದ್ದೆ. ಉಳಿದರ್ಧ ಫೋಟೋ ಗೆಲ್ಲಿಸ್ತು. ಮೊದಲು ಕಣ್ಣೊರೆಸ್ಕೊಂಡೋನು ಚೆರಿಯಾನ್. ಬಿನ್ಸಿಗೆ ಹಲಗೆ ಸಿಕ್ಕಿದ್ದು ಕೇಳಿ ಇನ್ನೊಂದ್ಸಲ ಒರೆಸ್ಕೊಂಡ. ದುಡ್ಡು ಪಾಸಾಯ್ತು! ಹೆಣದ ಪೆಟ್ಟಿಗೆ ಮುಂದಿನ ವರ್ಷಕ್ಕೆ ಹೋಯ್ತು. ಅಲ್ಲೀವರ್ಗೂ ಯಾರೂ ಸಾಯ್ಬೇಡಿ ಅಂತ ಊರಿಗೆ ಹೇಳ್ಬೇಕು, ಅಷ್ಟೇ.

ಪಂದ್ಯದ ದಿನ ನಾವು ಹತ್ತು ಜನ ಖುದ್ದಾಗಿ ಬರ್ತೀವಿ. ದಡದಲ್ಲಿ ಸ್ಟೇಜ್ ಹಾಕ್ಸು. ಮಕ್ಕಳಿಗೆ ಒಂದೇ ಬಣ್ಣದ ಬಟ್ಟೆ ಹೊಲಿಸು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೀಬೇಕು, ಏನೇನು ಇಲ್ಲ ಅನ್ನೋದನ್ನೂ ಮೈಕಲ್ಲಿ ಹೇಳ್ಬೇಕು. ಆಮೇಲೆ ದೋಣಿ ಹೊರಡ್ಲಿ. ಆದ್ರೆ ನಿಜವಾಗ್ಲೂ ಹುಟ್ಟು ಹಾಕಿಸ್ಬೇಡ. ಒಂದು ಮಗು ನೀರಿಗೆ ಬಿದ್ರೆ ಕೂಟದ ಮಾನವೂ ಜೊತೇಲೇ ಮುಳುಗುತ್ತೆ. ಮೋಟಾರು ದೋಣಿಗೆ ಹಗ್ಗ ಕಟ್ಟಿ ಎಳೆಸು. ಮಕ್ಕಳು ಹುಟ್ಟು ಹಿಡ್ಕೊಂಡು ಕೂತ್ರೆ ಸಾಕು, ನೀರಿಗೆ ತಾಗಿಸೋದೂ ಬೇಡ.

ಇಳಿಜಾರು ಗಿಳಿಜಾರು ಮುಂದೆ ನೋಡೋಣ. ಈ ಸಲದ ದುಡ್ಡು ದೋಣಿ, ಬಟ್ಟೆ, ಸ್ಟೇಜಿಗೇ ಸರಿಹೋಗುತ್ತೆ.

ಅಚ್ಚಾಯನ್

•

ನೆಡುಂತುರುತ್ತು
೨೫ ಆಗಸ್ಟ್ ೧೯೯೭

ಪ್ರಿಯ ಅಚ್ಚಾಯನ್,

ಅನುದಾನ ತಲುಪಿದೆ. ಏರ್ಪಾಡುಗಳು ತಾವು ಬಯಸಿದಂತೆಯೇ ನಡೆದಿವೆ. ಇಳಿಜಾರನ್ನು ಮುಂದೂಡಿದ್ದಕ್ಕೆ ನನ್ನ ಅಸಮ್ಮತಿಯನ್ನು ಈ ಮೂಲಕ ದಾಖಲಿಸುತ್ತೇನೆ. ಇದಕ್ಕಿಂತ ಹೆಚ್ಚು ವಾದಿಸುವುದಿಲ್ಲ.

ನಿನ್ನೆ ಹಗ್ಗ ಕಟ್ಟಿ ಎಳೆಯುವ ಅಭ್ಯಾಸ ನಡೆಯಿತು. ಮೋಟಾರು ಹೊರಟೊಡನೆ ಕಾರ್ತು ರೂಢಿಯ ಬಲದಿಂದ ಹುಟ್ಟನ್ನು ನೀರಿಗಿಳಿಸಿದಳು. ದೋಣಿ ವಾಲಿ ಹಿಂದಿದ್ದ ಮಗು ಕಿರುಚಿತು. ಮೋಟಾರಿನವನು ತಿರುಗಿ, “ಏಯ್ ಕುಂಟೀ, ತೆಪ್ಪಗೆ ಹಿಡ್ಕೊಂಡು ಕೂತ್ಕೊಳ್ಳೇ!” ಎಂದು ಕೂಗಿದ. ನೀರಿನ ಮೇಲೆ ಅವಳನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲಿರಬೇಕು. ಅವಳು ಹುಟ್ಟನ್ನು ಕೈಬಿಟ್ಟಳು. ಅದು ತೇಲಿಹೋಯಿತು.

ದಡಕ್ಕೆ ಬಂದ ಮೇಲೆ ನನ್ನನ್ನು ಕೇಳಿದಳು: “ಎಳ್ಕೊಂಡು ಹೋಗೋ ದೋಣಿಗೆ ಹುಟ್ಟು ಯಾಕೆ ಚೇಚಿ?”

“ನೋಡೋರಿಗೆ.”

“ಹಾಗಾದ್ರೆ ನೀವೂ ಬಂದು ಕೂತ್ಕೊಳ್ಳಿ. ನೀವು ಕೂತ್ರೆ ನಾನೂ ಕೂತ್ಕೋತೀನಿ.”

ಇದಕ್ಕೆ ಉತ್ತರಿಸುವ ಅಗತ್ಯ ನನಗೆ ಕಾಣಲಿಲ್ಲ.

ಸಂಜೆ ಅವಳ ತಾಯಿ ಪೊನ್ನಮ್ಮ ಒಂದು ಬುಟ್ಟಿ ಬಾತುಮೊಟ್ಟೆ ಹೊತ್ತು ನಮ್ಮ ಮನೆಗೆ ಬಂದಳು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು, “ಸೂಸನ್ನಮೋಳೇ, ದುಡ್ಡು, ಬಟ್ಟೆ ನಮಗೇನೂ ಬೇಡ. ಮಗಳಿಗೆ ಹಲಗೆ ವಾಪಸ್ ಕೊಟ್ಬಿಡು” ಎಂದಳು. ಸಾರ್ವಜನಿಕ ಹಿತಕ್ಕಾಗಿ ಒಬ್ಬೊಬ್ಬರು ಸ್ವಲ್ಪ ಅನನುಕೂಲವನ್ನು ಸಹಿಸಬೇಕೆಂದು ನಾನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಅವಳಿಗೆ ನಡೆಯೋಕಾಗಲ್ಲ ಅಂತ ನಮಗೆ ಗೊತ್ತಿತ್ತು. ಅವಳು ಕುಂಟಿ ಅಂತ ಗೊತ್ತಿರ್ಲಿಲ್ಲ. ಅದನ್ನ ನೀನು ಕಲಿಸ್ದೆ. ಅದೂ ನೀನು!” ಎಂದಳು.

ಮೊಟ್ಟೆಗಳನ್ನು ಹಿಂದಕ್ಕೆ ಕಳಿಸಿದೆ. ಸಂಘದ ಕೆಲಸದಲ್ಲಿ ಕಾಣಿಕೆ ಸಲ್ಲದು. ಪಂದ್ಯದ ದಿನ ಕಾರ್ತು ಬಾರದಿದ್ದಲ್ಲಿ ಮುಂದೆ ಯಾವ ದೋಣಿಯಲ್ಲೂ ಅವಳಿಗೆ ಜಾಗ ಉಳಿಯದೆಂದು ತಿಳಿಸಿದ್ದೇನೆ. ಬರುತ್ತಾಳೆ.

ಬಿನ್ಸಿ ಮುಂದೆ ಕುಳಿತ ಮೇಲೆ ಹುಡುಗಿಯರ ದೋಣಿಯಲ್ಲಿ ಹುಟ್ಟಿಗೆ ಹುಟ್ಟು ಬಡಿಯುತ್ತಿದೆ. ಆಶಾನ್ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದ್ದಾರೆ. ಇವು ಸರಿಹೋಗುವ ಸಂಗತಿಗಳು.

ಸೂಸನ್ನ

•

ಕುವೈತ್
೪ ಸೆಪ್ಟೆಂಬರ್ ೧೯೯೭

ಮೋಳೇ ಸೂಸನ್ನಾ,

ಈ ಕಾಗದ ಅಂಚೆಗೆ ಹಾಕ್ದೆ ಚೆರಿಯಾನ್ ಹೆಂಡ್ತಿ ಕೈಲಿ ಕೊಟ್ಟು ಕಳಿಸ್ತಿದೀನಿ. ನಾನು ಏಳಕ್ಕೆ ತಿರುವಲ್ಲ ತಲುಪ್ತೀನಿ. ಉತ್ತರ ಅಲ್ಲಿಗೇ ಕಳಿಸು.

ಕಳ್ಳೀ! ಇದನ್ನ ಮೊದಲೇ ಹೇಳ್ಬಾರದಿತ್ತಾ?

ನಮ್ಮೂರ ಚರ್ಚಲ್ಲಿ ಹಿಂದೆ ಇದ್ದ ಪಾದ್ರಿ ಅಚ್ಚನ್ ಇಲ್ಲಿಗೆ ಧ್ಯಾನ ಶಿಬಿರಕ್ಕೆ ಬಂದಿದ್ರು. ಆ ಹುಡುಗಿ ಫೋಟೋನ ದೊಡ್ಡದು ಮಾಡ್ಸಿ ಗೋಡೆಗೆ ಹಾಕಿದೀವಲ್ಲ, ನೋಡಿದೋರೇ, “ಇದು ಇಟ್ಟಿಯವಿರನ ಮಗಳ ಊರುಗೋಲು! ಹಿಡಿಗೆ ಕೆಂಪು ಸೈಕಲ್ ಟ್ಯೂಬ್ ಸುತ್ತಿಕೊಟ್ಟೋನು ನಾನೇ. ಪಾಪ, ಮೂರು ವರ್ಷಕ್ಕೇ ಆ ಮಗೂಗೆ ಪೋಲಿಯೊ ಬಂತು” ಅಂದ್ರು. ಕಂಬದ ಹಿಂದೆ ಯಾಕೆ ನಿಂತಿದ್ದೆ ಅಂತ ಆಗ ನನ್ನ ತಲೆಗೆ ಹೋಯ್ತು.

ಎಂಥಾ ಪೆದ್ದಿ ನೀನು! ಊರೆಲ್ಲಾ ಸುತ್ತಿ ಬಾತುಕೋಳಿ ಹುಡುಗೀನ ಹಿಡ್ಕೊಂಡು ಬಂದ್ಯಲ್ಲ, ಇಡೀ ವಿಶ್ವವಿದ್ಯಾಲಯಕ್ಕೆ ಮೊದಲು ಬಂದ ಕುಂಟಿ ಮನೇಲೇ ಇದ್ಲಲ್ಲ! ನಿನ್ನ ಒಂದು ಫೋಟೋ ಬಂದಿದ್ರೆ ಮೊದಲ ಶುಕ್ರವಾರವೇ ದುಡ್ಡು ಪಾಸಾಗ್ತಿತ್ತು. ಕೆಲವರಿಗೆ ಸಿಟ್ಟೂ ಬಂದಿದೆ, ಮುಚ್ಚಿಟ್ಲು ಅಂತ. ನಾನು ಸಮಾಧಾನ ಮಾಡಿದೀನಿ. ಮಗು ನಾಚ್ಕೊಂಡಿದೆ ಅಂದೆ.

ಈಗ ಕೇಳು. ಇಪ್ಪತ್ತೊಂದನೇ ತಾರೀಖು, ಭಾನುವಾರ, ಆ ಮಕ್ಕಳ ದೋಣೀಲಿ ಮುಂದಿನ ಹಲಗೆ ನಿಂದು. ಬಿಳಿ ಸೀರೆ ಉಟ್ಕೋ. ಕುತ್ತಿಗೇಲಿ ರ‍್ಯಾಂಕಿನ ಮೆಡಲ್, ತೊಡೆ ಮೇಲೆ ಊರುಗೋಲು, ಎರಡೂ ದಡಕ್ಕೆ ಕಾಣೋ ಹಾಗೆ. ಸಂಘದ ವರದಿ ನನ್ನ ಭಾವಮೈದ ಓದ್ತಾನೆ. ನೀನು ಮಾತಾಡ್ಬೇಡ, ನೀನು ಮಾತಾಡಿದ್ರೆ ಜನಕ್ಕೆ ಅಳು ಬರಲ್ಲ. ದೋಣಿ ದಡಕ್ಕೆ ಬಂದಾಗ ನಾಲ್ಕು ಜನ ನಿನ್ನನ್ನ ಎತ್ಕೊಂಡು ಸ್ಟೇಜಿಗೆ ತರ್ತಾರೆ, ನಾನು ಶಾಲು ಹೊದಿಸ್ತೀನಿ.

ನೀನು ಹೂಂ ಅಂದ್ರೆ ಇಳಿಜಾರು ಈ ವರ್ಷವೇ. ಕೂಟದೋರ ಮಾತು ತಗೊಂಡಿದೀನಿ. ಇಳಿಜಾರಾದ್ರೆ ಆ ಹುಡುಗಿ ಹಲಗೆ ಅವಳಿಗೇ ಹೋಗುತ್ತೆ, ಚೆರಿಯಾನ್‌ನ ನಾನು ನೋಡ್ಕೋತೀನಿ. ಇಲ್ಲ ಅಂದ್ರೆ ಮುಂದಕ್ಕೆ ನಿಮ್ಮ ಸಂಘಕ್ಕೆ ನಮ್ಮಿಂದ ಬಿಡಿಗಾಸೂ ಇಲ್ಲ.

ನಿನ್ನ ಒಳ್ಳೇದಕ್ಕೇ ಹೇಳ್ತಿರೋ
ಅಚ್ಚಾಯನ್

•

ನೆಡುಂತುರುತ್ತು
೮ ಸೆಪ್ಟೆಂಬರ್ ೧೯೯೭

ಮಾನ್ಯರೇ,

ಇಂದು ೧೯೯೭ನೇ ಇಸವಿಯ ಸೆಪ್ಟೆಂಬರ್ ಎಂಟನೇ ತಾರೀಖು, ಸೋಮವಾರ. ಈ ಪತ್ರದ ಉದ್ದೇಶ ಒಂದೇ: ತಮ್ಮ ಪತ್ರಕ್ಕೆ ಉತ್ತರ ತಿಳಿಸುವುದು.

ಇಪ್ಪತ್ತೊಂದನೇ ತಾರೀಖು ಬೆಳಗ್ಗೆ ಐವರು ಮಕ್ಕಳೂ ಸಮವಸ್ತ್ರದಲ್ಲಿ ಕಡವಿನಲ್ಲಿರುತ್ತಾರೆ. ಹಗ್ಗ ಗಟ್ಟಿಯಾಗಿದೆ. ಕಾರ್ತು ಮುಂದಿನ ಹಲಗೆಯಲ್ಲಿ ಕೂರುತ್ತಾಳೆ. ಊರುಗೋಲುಗಳು ಅವಳ ತೊಡೆಯ ಮೇಲಿರುತ್ತವೆ.

ನಾನು ಆ ದೋಣಿಯಲ್ಲಿ ಕೂರುವುದಿಲ್ಲ.

ಸೂಸನ್ನ ಇಟ್ಟಿಯವಿರ
ಕಾರ್ಯದರ್ಶಿ